ಕೈ ಮುಗಿದು ನೋಡಿದ ನಾಟಕ



ಕೆಲವು ವರ್ಷಗಳ ಹಿಂದೆ ಭಾಲ್ಕಿಯಲ್ಲಿ ಒಂದು ತಿರುಗಾಟದ ತಂಡ ಗಿರೀಶ ಕಾರ್ನಾಡರ ‘ತಲೆದಂಡ’ ಆಡಿತು. ಕಪ್ಪು ಪರದೆ, ಎರಡು ಮೆಟ್ಟಿಲಿನ ಒಂದು ಕಟ್ಟಿಗೆ ಪೀಠ, ನಾಲ್ಕು ದೀಪ. ಸಿಂಹಾಸನವಿಲ್ಲ, ಅರಮನೆಯ ಕಂಬಗಳಿಲ್ಲ. ಕಂಪನಿ ನಾಟಕದ ಝಗಮಗ ನೋಡಿ ಬೆಳೆದ ನಮ್ಮ ಕಡೆಯ ಜನ ಇಂಥದ್ದಕ್ಕೆ ‘ಸಾದಾ ನಾಟಕ’ ಅನ್ನುತ್ತಾರೆ. ನನ್ನ ಪಕ್ಕದ ಕುರ್ಚಿಯಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಅವ್ವ ಕೂತಿದ್ದರು. ತಲೆಯ ಮೇಲೆ ಸೆರಗು, ಮಡಿಲಲ್ಲಿ ಬಟ್ಟೆಯ ಗಂಟು. ಬಸವಣ್ಣನ ಪಾತ್ರಧಾರಿ ರಂಗದ ಮೇಲೆ ಬಂದ ಕೂಡಲೇ ಗಂಟನ್ನು ಕಾಲ ಬಳಿ ಇಟ್ಟು ಕೈ ಮುಗಿದರು. ಆಮೇಲೆ ಕೈ ಕೆಳಗಿಳಿಸುತ್ತಾರೆ ಅಂದುಕೊಂಡೆ. ಇಳಿಸಲಿಲ್ಲ.

ಸಮಗಾರ ಹರಳಯ್ಯನ ಮಗ ಶೀಲವಂತನಿಗೂ ಬ್ರಾಹ್ಮಣ ಮಧುವರಸನ ಮಗಳು ಕಲಾವತಿಗೂ ಮದುವೆ ಎಂಬ ಸುದ್ದಿ ಬರುವ ದೃಶ್ಯ ನಿಮಗೆ ನೆನಪಿರಬಹುದು. ಎಲ್ಲರೂ ಹಿಗ್ಗುತ್ತಿರುವಾಗ ನಾಟಕದ ಬಸವಣ್ಣ ಸಂತೋಷಪಡುವ ಮೊದಲು ಹೆದರುತ್ತಾನೆ. ಆ ಮಕ್ಕಳ ಜೀವಕ್ಕೆ ಏನಾದೀತು ಎಂಬ ಹೆದರಿಕೆ ಅದು. ಆವತ್ತು ಆ ಪಾತ್ರ ಮಾಡಿದ ಹುಡುಗ ಅಲ್ಲಿ ಒಂದು ಗಳಿಗೆ ಸುಮ್ಮನೆ ನಿಂತ. ಸಭೆಯಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು. ನಾನು ನೋಟ್‌ಬುಕ್ಕಿನಲ್ಲಿ ‘ಬಸವಣ್ಣ ದುರ್ಬಲ, ನಾಟಕದ ಭಾರ ದೊರೆ ಬಿಜ್ಜಳನ ಕಡೆ ವಾಲಿದೆ’ ಎಂದು ಬರೆದುಕೊಂಡೆ. ಪಕ್ಕದ ಅವ್ವನ ಕೈ ಮುಗಿದೇ ಇತ್ತು. ಕಣ್ಣಲ್ಲಿ ನೀರಿತ್ತು.

ನಾಟಕ ಮುಗಿದ ಮೇಲೆ ಕೇಳಿದೆ, ‘ಹ್ಯಾಂಗನಸ್ತು ಅವ್ವಾ?’

‘ಅಪ್ಪಗ ಭಾಳ ತ್ರಾಸ ಆಗ್ಯಾದ ನೋಡ್ರಿ’ ಅಂದರು. ಸ್ವಲ್ಪ ತಡೆದು, ‘ಮಕ್ಕಳು ಮಾತು ಕೇಳ್ಲಿಲ್ಲಂದ್ರ ಅಪ್ಪ ಏನ್ ಮಾಡ್ಬೇಕ್ರಿ?’ ಅಂದು ಗಂಟು ಎತ್ತಿಕೊಂಡು ಹೊರಟರು.

ಆ ರಾತ್ರಿಯಿಂದ ನಾನು ಬರೆದುಕೊಂಡಿದ್ದ ಸಾಲಿನ ಬಗ್ಗೆ ನನಗೆ ನೆಮ್ಮದಿಯಿಲ್ಲ. ಈ ಉಪನ್ಯಾಸ ಅಲ್ಲಿಂದಲೇ ಹುಟ್ಟಿತು. ಒಂದು ನಂಬಿಕೆಯನ್ನು ಹೊತ್ತು ಊರಿಂದ ಊರಿಗೆ ನಡೆದವನ ಮೇಲೆ ಬರೆದ, ಆಡಂಬರವಿಲ್ಲದ ಚಾರಿತ್ರಿಕ ನಾಟಕವನ್ನು ನಮ್ಮ ವಿಮರ್ಶೆ ಹೇಗೆ ಬರಮಾಡಿಕೊಂಡಿತು? ಶರಣರ ಕಲ್ಯಾಣ ನಡೆದ ನೆಲದಲ್ಲೇ ಇರುವ ನಾವು ಹೇಗೆ ಬರಮಾಡಿಕೊಂಡೆವು? ನನ್ನ ದುಗುಡವನ್ನು ಮೊದಲೇ ಹೇಳಿಬಿಡುತ್ತೇನೆ. ಈ ನಾಟಕಗಳನ್ನು ನಾವು ಬಸವಣ್ಣನವರ ಪರವೋ ವಿರುದ್ಧವೋ ಎಂಬ ತಕ್ಕಡಿಯಲ್ಲಿ ತೂಗಿದೆವು. ಪಂಡಿತರೂ ತೂಗಿದರು, ಭಕ್ತರೂ ತೂಗಿದರು. ಕೈ ಮುಗಿದುಕೊಂಡೇ ಶರಣನ ಸಂಕಟವನ್ನು ನೋಡಬಲ್ಲ ಮೂರನೆಯ ಒಬ್ಬ ಪ್ರೇಕ್ಷಕಿ ಇದ್ದಾಳೆ ಎಂಬುದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಕಲ್ಯಾಣವನ್ನು ರಂಗಕ್ಕೆ ತಂದ ಆಧುನಿಕ ನಾಟಕಗಳಲ್ಲಿ ಮೂರನ್ನು ಇಲ್ಲಿ ಎತ್ತಿಕೊಳ್ಳುತ್ತೇನೆ. ಪಿ. ಲಂಕೇಶರ ‘ಸಂಕ್ರಾಂತಿ’ 1971ರದು. ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ 1986ರದು. ‘ತಲೆದಂಡ’ 1990ರದು. ಇಪ್ಪತ್ತು ವರ್ಷದೊಳಗೆ ಮೂವರು ದೊಡ್ಡ ಬರಹಗಾರರು 12ನೆಯ ಶತಮಾನದ ಒಂದೇ ಊರಿನ ಒಂದೇ ದುರಂತಕ್ಕೆ ಮರಳಿ ಬಂದರು. ‘ಸಂಕ್ರಾಂತಿ’ಯಲ್ಲಿ ಹೊಲಗೇರಿಯ ರುದ್ರ ಮತ್ತು ಬ್ರಾಹ್ಮಣರ ಹುಡುಗಿ ಉಷಾ ನಡುವಿನ ಸಂಬಂಧವೇ ಒರೆಗಲ್ಲು. ಹೊಸ ಧರ್ಮದ ದೊಡ್ಡ ಮಾತು ಒಬ್ಬ ಹುಡುಗನ ಮೈಮನಸ್ಸಿಗೆ ಏನು ಮಾಡಿತು ಎಂದು ಲಂಕೇಶರು ಕೇಳಿದರು. ನವ್ಯದ ಆ ಹೊತ್ತಿಗೆ ವ್ಯಕ್ತಿಯ ನಿಜವೇ ಮುಖ್ಯವಾಗಿತ್ತು, ವಿಮರ್ಶೆಯೂ ಅದನ್ನೇ ಹಿಡಿದು ಮಾತಾಡಿತು. ‘ಮಹಾಚೈತ್ರ’ ಬರುವ ಹೊತ್ತಿಗೆ ಗಾಳಿ ಬದಲಾಗಿತ್ತು. ಶಿವಪ್ರಕಾಶರು ಕೈಕೆಲಸದವರ ಕಡೆಯಿಂದ, ಕಾಯಕದವರ ಬೆವರಿನ ಕಡೆಯಿಂದ ಕಲ್ಯಾಣವನ್ನು ಕಂಡರು. ಅದನ್ನು ವರ್ಗಸಂಘರ್ಷದ ನಾಟಕವೆಂದು ಓದಿದವರಿಗೆ ಅದರೊಳಗಿನ ಕವಿ ಕಾಣಿಸಿದ್ದು ಕಡಿಮೆ ಎಂಬುದು ನನ್ನ ಅನಿಸಿಕೆ.

ಕಾರ್ನಾಡರದು ಇನ್ನೊಂದು ದಾರಿ. ಅಯೋಧ್ಯೆಯ ಮಂದಿರ ಮತ್ತು ಮೀಸಲಾತಿಯ ಮಂಡಲ ವರದಿ ಎರಡರ ಗದ್ದಲವೂ ದೇಶವನ್ನು ಹಿಡಿದಿದ್ದ ಹೊತ್ತಿನ ನಾಟಕ ಅದು. ಆ ಮಾತನ್ನು ಅವರೇ ಹೇಳಿಕೊಂಡಿದ್ದಾರೆ. ರಾಮಗೋಪಾಲ ಬಜಾಜರ ಹಿಂದಿ ಅನುವಾದದಲ್ಲಿ ‘ರಕ್ತಕಲ್ಯಾಣ’ವಾಗಿ ದಿಲ್ಲಿಗೆ ಹೋಯಿತು, ನಿರ್ದೇಶಕ ಅಲ್ಕಾಜಿಯಂಥವರು ಅದನ್ನು ಆಡಿಸಿದರು, 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೊಗಳಿಕೆಯ ಜೊತೆಗೇ ಒಂದು ಆಕ್ಷೇಪ ಮತ್ತೆ ಮತ್ತೆ ಬಂದಿದೆ: ಬಿಜ್ಜಳ ರಕ್ತಮಾಂಸ ತುಂಬಿದವನು, ಬಸವಣ್ಣ ಸಪ್ಪೆ. ಬಿಜ್ಜಳ ಬೈಯುತ್ತಾನೆ, ನಗುತ್ತಾನೆ, ಕ್ಷೌರಿಕ ಕುಲದಿಂದ ಬಂದವನೆಂಬ ಅವಮಾನವನ್ನು ಬಿಚ್ಚಿ ಹೇಳಿಕೊಳ್ಳುತ್ತಾನೆ. ಬಸವಣ್ಣನಾದರೋ ತಡೆಯುತ್ತಾನೆ, ಕಾಯುತ್ತಾನೆ, ಕೊನೆಗೆ ಕಲ್ಯಾಣ ಬಿಟ್ಟು ಹೊರಡುತ್ತಾನೆ. ನಾನು ಭಾಲ್ಕಿಯಲ್ಲಿ ನೋಟ್‌ಬುಕ್ಕಿಗೆ ಇಳಿಸಿದ್ದು ನನ್ನ ಸ್ವಂತ ಮಾತೇನೂ ಆಗಿರಲಿಲ್ಲ, ಓದಿ ತಲೆಯಲ್ಲಿ ಕೂತಿದ್ದ ಮಾತು.

ಈಗ ಅನ್ನಿಸುತ್ತದೆ, ಆ ಸಪ್ಪೆತನವೇ ಈ ನಾಟಕದ ಬಿಗಿ. ಗದ್ದಲ ಮಾಡಿ ಗೆಲ್ಲುವ ಅವಕಾಶವನ್ನು ಕಾರ್ನಾಡರು ಬಸವಣ್ಣನಿಗೆ ಕೊಟ್ಟಿಲ್ಲ. ಪವಾಡ ಕೊಟ್ಟಿಲ್ಲ. ಹರಳಯ್ಯ, ಮಧುವರಸರ ಕಣ್ಣು ಕಿತ್ತು ಆನೆಯ ಕಾಲಿಗೆ ಕಟ್ಟಿ ಎಳೆಸುವಾಗ ಆ ಮಹಾಪುರುಷ ಅಡ್ಡ ನಿಂತು ಉಳಿಸುವುದಿಲ್ಲ. ತಾನು ಹಚ್ಚಿದ ದೀಪದಿಂದಲೇ ಮನೆಗೆ ಬೆಂಕಿ ಬಿದ್ದಾಗ ಒಬ್ಬ ಮನುಷ್ಯ ಎಷ್ಟು ಮಾತಾಡಿಯಾನು? ‘ತ್ರಾಸ ಆಗ್ಯಾದ’ ಎಂದ ಅವ್ವನಿಗೆ ಇದು ಒಂದೇ ನೋಟಕ್ಕೆ ತಿಳಿದಿತ್ತು. ಮಾತು ಕೇಳದ ಮಕ್ಕಳನ್ನು ಸಾಕಿದವರಿಗೆ ಸುಮ್ಮನೆ ನಿಂತ ಅಪ್ಪ ಸಪ್ಪೆಯಾಗಿ ಕಾಣುವುದಿಲ್ಲ.

ಇನ್ನು ಗದ್ದಲದ ಮಾತು. 1990ರ ದಶಕದಲ್ಲಿ ‘ಮಹಾಚೈತ್ರ’ ಪಠ್ಯವಾದಾಗ ಅದನ್ನು ತೆಗೆಯಬೇಕೆಂದು ದೊಡ್ಡ ಕೂಗೆದ್ದಿತು. ಶರಣರನ್ನೇ ಕುರಿತ ಪಿ.ವಿ. ನಾರಾಯಣರ ಕಾದಂಬರಿ ‘ಧರ್ಮಕಾರಣ’ 1995ರಲ್ಲಿ ಬಂದು, ಸರ್ಕಾರದ ನಿಷೇಧಕ್ಕೆ ಸಿಕ್ಕಿ, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2007ರಲ್ಲಿ ನಿಷೇಧವೇ ಉಳಿಯಿತು. ಅದಕ್ಕೂ ಮೊದಲು, 1989ರಲ್ಲಿ, ಎಂ.ಎಂ. ಕಲಬುರ್ಗಿಯವರು ತಮ್ಮ ‘ಮಾರ್ಗ’ ಸಂಪುಟದಲ್ಲಿ ಬರೆದ ಸಂಶೋಧನ ಲೇಖನಗಳಿಗಾಗಿ ಒತ್ತಡಕ್ಕೆ ಸಿಕ್ಕಿ ಮಾತು ಹಿಂದಕ್ಕೆ ಪಡೆಯಬೇಕಾಯಿತು. ಮನೆಯವರ ಜೀವಕ್ಕಾಗಿ ಹಾಗೆ ಮಾಡಿದೆ, ಆದರೆ ಆ ದಿನ ಬೌದ್ಧಿಕವಾಗಿ ಸತ್ತೆ ಎಂಬ ಅರ್ಥದಲ್ಲಿ ಅವರು ಹೇಳಿಕೊಂಡರು. ಕಲ್ಯಾಣದ ಪತನವನ್ನು ಕುರಿತು ‘ಕೆಟ್ಟಿತ್ತು ಕಲ್ಯಾಣ’ ಎಂಬ ನಾಟಕವನ್ನೂ ಬರೆದವರು ಅವರು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಈ ಮಾತನ್ನು ಆಡುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಕೂಗೆಬ್ಬಿಸಿದವರೆಲ್ಲ ಕೆಟ್ಟವರು ಎಂದು ನಾನು ಹೇಳಲಾರೆ. ಅವರಲ್ಲಿ ನನ್ನ ಬಳಗದವರೂ ಇದ್ದರು. ಮನೆಯ ಜಗುಲಿಯ ಮೇಲೆ ಪಟವಿಟ್ಟು ದಿನಾ ವಿಭೂತಿ ಹಚ್ಚುವ ಮುಖವನ್ನು ರಂಗದ ಮೇಲೆ ಬೆವರುವಂತೆ, ತಡವರಿಸುವಂತೆ ತೋರಿಸಿದಾಗ ಎದೆ ಝಲ್ಲೆನ್ನುವುದು ಸಹಜ. 2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದಾಗ ನಾನೂ ಸಂತೋಷಪಟ್ಟೆ, ಊರಲ್ಲಿ ಪೇಡೆ ಹಂಚಿದವರಲ್ಲಿ ನಾನೂ ಒಬ್ಬ. ಆದರೆ ಅದೇ ಸಂಜೆ ಒಂದು ಚಿಂತೆ ಹತ್ತಿತು. ಕಚೇರಿ ಕಚೇರಿಯ ಗೋಡೆಗೂ ಏರಿದ ಮುಖವನ್ನು ಇನ್ನು ಮುಂದೆ ನಾಟಕಕಾರ ಒಳಗಿನಿಂದ ನೋಡುವುದು ಹೇಗೆ? ಹಿಂದಿಗಿಂತ ಈಗ ಆ ಕೆಲಸ ಕಷ್ಟ.

ಇಲ್ಲಿ ಒಂದು ಹೊರನಾಡಿನ ಉದಾಹರಣೆ ನೆರವಿಗೆ ಬರುತ್ತದೆ. ಜಪಾನಿನ ಕ್ರೈಸ್ತ ಲೇಖಕ ಶೂಸಾಕು ಎಂಡೊ 1966ರಲ್ಲಿ ಬರೆದ ಕಾದಂಬರಿಯ ಹೆಸರಿನ ಅರ್ಥ ‘ಮೌನ’. ಹದಿನೇಳನೆಯ ಶತಮಾನದಲ್ಲಿ ಪೋರ್ಚುಗಲ್ಲಿನ ಇಬ್ಬರು ಪಾದ್ರಿಗಳು ತಮ್ಮ ಗುರುವನ್ನು ಹುಡುಕಿಕೊಂಡು ಜಪಾನಿಗೆ ಹೋಗುತ್ತಾರೆ. ಅಲ್ಲಿ ಕ್ರೈಸ್ತರಾಗಿರುವುದೇ ಅಪರಾಧ. ಯೇಸುವಿನ ಚಿತ್ರ ಕೆತ್ತಿದ ಫಲಕವನ್ನು ತುಳಿದರೆ ಬಿಡುಗಡೆ, ತುಳಿಯದಿದ್ದರೆ ಚಿತ್ರಹಿಂಸೆ. ಕೊನೆಗೆ ಬೇರೆಯವರ ನರಳಾಟ ನಿಲ್ಲಿಸಲಿಕ್ಕಾಗಿ ಪಾದ್ರಿ ರೋಡ್ರಿಗ್ಸ್ ಆ ಫಲಕ ತುಳಿಯುತ್ತಾನೆ. ಮಾರ್ಟಿನ್ ಸ್ಕಾರ್ಸೆಸೆ ಇದನ್ನು 2016ರಲ್ಲಿ ಸಿನಿಮಾ ಮಾಡಿದರು. 161 ನಿಮಿಷ, ಸಂಗೀತ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ ಧ್ವನಿ, ಮಂಜು, ಕೆಸರು, ಅಲೆಯ ಸದ್ದು. ವಿಮರ್ಶಕರು ಬಹಳ ಮೆಚ್ಚಿದರು. ಟಾಕೀಸಿಗೆ ಜನ ಬರಲಿಲ್ಲ, ಹಾಕಿದ ದುಡ್ಡು ಹುಟ್ಟಲಿಲ್ಲ, ಆಸ್ಕರ್‌ಗೆ ಛಾಯಾಗ್ರಹಣಕ್ಕಷ್ಟೇ ನಾಮನಿರ್ದೇಶನವಾಯಿತು. ಧರ್ಮ ಬಿಟ್ಟವನನ್ನು ಸಂತನ ಮಟ್ಟಕ್ಕೆ ಏರಿಸಬಹುದೇ ಎಂದು ಕೆಲವು ಧರ್ಮಗುರುಗಳು ಆಕ್ಷೇಪಿಸಿದರು. ಕಾದಂಬರಿ ಬಂದಾಗಲೂ ಜಪಾನಿನ ಕ್ರೈಸ್ತರಲ್ಲಿ ಹಲವರು ನೊಂದುಕೊಂಡಿದ್ದರು. ನಮ್ಮ ಕಥೆಯೇ ಇದು, ಹೆಸರುಗಳು ಬೇರೆ.

ಬೀದರಿನ ಮಂಗಲಪೇಟೆಯ ಗೆಳೆಯರೊಬ್ಬರ ಮನೆಯಲ್ಲಿ ನಾವು ನಾಲ್ವರು ಆ ಸಿನಿಮಾ ನೋಡಿದೆವು. ಅವರದು ಮೆಥೋಡಿಸ್ಟ್ ಚರ್ಚಿಗೆ ಮೂರು ತಲೆಮಾರಿನಿಂದ ನಡೆದುಕೊಳ್ಳುವ ಮನೆತನ. ಅಜ್ಜ ಮಿಷನ್ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಚಿತ್ರ ಮುಗಿದ ಮೇಲೂ ಅವರು ಲೈಟು ಹಾಕಲಿಲ್ಲ. ಕತ್ತಲಲ್ಲೇ ಅಂದರು, ‘ತುಳಿದದ್ದು ತಪ್ಪು ಅನ್ನಾಕ ನನ್ನ ಬಾಯಿ ಬರಂಗಿಲ್ಲ. ಸರಿ ಅನ್ನಾಕೂ ಬರಂಗಿಲ್ಲ.’ ಆಮೇಲೆ ಅವರ ಮನೆಯವರು ಚಹಾ ತಂದರು, ಮಾತು ಮಳೆ ಬೆಳೆಯ ಕಡೆ ಹೊರಳಿತು. ನಾನು ಆ ಚಿತ್ರದ ಬಗ್ಗೆ ಓದಿದ ಎಷ್ಟೋ ವಿಮರ್ಶೆಗಿಂತ ಆ ಎರಡು ವಾಕ್ಯ ದೊಡ್ಡವು.

ಆ ಚಿತ್ರದ ಪಾದ್ರಿಗಳು ಮಿಷನರಿಗಳು. ಮಿಷನರಿ ಎಂಬ ಪದಕ್ಕೆ ನಮ್ಮಲ್ಲಿ ತೀರ ಹತ್ತಿರದ ಪದ ಜಂಗಮ. ಆದರೆ ಮಿಷನರಿಯನ್ನು ಯಾರೋ ಕಳಿಸಿರುತ್ತಾರೆ. ಜಂಗಮ ತಾನೇ ನಡೆಯುತ್ತಾನೆ, ನಡೆಯುವುದೇ ಅವನ ಇರವು. ಕಲ್ಯಾಣಕ್ಕೆ ಎಲ್ಲೆಲ್ಲಿಂದಲೋ ನಡೆದು ಬಂದರು ಎಂದು ನಮ್ಮ ಪರಂಪರೆ ಹೇಳುತ್ತದೆ: ಬಳ್ಳಿಗಾವೆಯಿಂದ ಅಲ್ಲಮ, ಕಾಶ್ಮೀರದಿಂದ ಮೋಳಿಗೆ ಮಾರಯ್ಯ, ಅಫ್ಘಾನದ ಕಡೆಯಿಂದ ಮರುಳಶಂಕರದೇವ. ಆಮೇಲೆ ಅದೇ ಕಲ್ಯಾಣದಿಂದ ಎಲ್ಲರೂ ಹೊರನಡೆದರು. ಬಸವಣ್ಣನವರು ಕೂಡಲಸಂಗಮದ ಕಡೆ, ಚೆನ್ನಬಸವಣ್ಣನವರು ಉಳವಿಯ ಕಡೆ. ಬರುವ ದಾರಿಗೆ ನಾವು ಕಮಾನು ಕಟ್ಟಿದ್ದೇವೆ. ಹೋಗುವ ದಾರಿಯ ಬಗ್ಗೆ ನಾಟಕ ಮಾತ್ರ ಮಾತಾಡಿತು. ಅದಕ್ಕೇ ನಮಗೆ ಅದು ಸಹ್ಯವಾಗಲಿಲ್ಲವೇನೋ.

2017ರ ಜನವರಿಯಲ್ಲಿ ತೆರೆಕಂಡ ಟಿ.ಎಸ್. ನಾಗಾಭರಣರ ‘ಅಲ್ಲಮ’ವನ್ನೂ ಇಲ್ಲಿ ನೆನೆಯಬೇಕು. ಮದ್ದಳೆಗಾರ ಹುಡುಗ ಎಲ್ಲವನ್ನೂ ಕಳಚಿ ಶೂನ್ಯಸಿಂಹಾಸನದವರೆಗೆ ನಡೆಯುವ ಕಥೆ, ಧನಂಜಯ ಅಲ್ಲಮನಾಗಿದ್ದರು. ಹಿನ್ನೆಲೆ ಸಂಗೀತಕ್ಕೂ ಪ್ರಸಾಧನಕ್ಕೂ ರಾಷ್ಟ್ರಪ್ರಶಸ್ತಿ ಬಂದವು, ಎರಡೂ ಸಲ್ಲಬೇಕಾದ ಮನ್ನಣೆಯೇ. ಆದರೆ ಆ ಅಲೆದಾಟದ ಒಳಗನ್ನು ಹಿಡಿದು ಕೂತು ಮಾತಾಡುವ ಬರವಣಿಗೆ ಅದಕ್ಕೆ ಇನ್ನೂ ಬೇಕಿತ್ತು.

ಬೀದರಿಗೇ ಸೇರಿದ ಇನ್ನೊಂದು ಪಯಣವನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1469ರ ಸುಮಾರಿಗೆ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಬಹಮನಿಗಳ ಈ ಊರಿಗೆ ಬಂದ. ದಾರಿಯಲ್ಲಿ ದರೋಡೆಯಾಗಿ ಧರ್ಮಗ್ರಂಥಗಳು ಕೈಬಿಟ್ಟಿದ್ದವು. ಈಸ್ಟರ್ ಯಾವತ್ತು, ಉಪವಾಸ ಯಾವತ್ತು ಎಂದು ಲೆಕ್ಕ ತಪ್ಪಿತು. ಜುನ್ನರದಲ್ಲಿ ಧರ್ಮ ಬದಲಿಸುವಂತೆ ಅವನ ಮೇಲೆ ಒತ್ತಾಯ ಬಂತು. ಪರದೇಶದಲ್ಲಿ ಹಬ್ಬದ ದಿನ ಮರೆತವನ ಕಳವಳ ಅವನ ಬರಹದ ಜೀವ. 1957ರಲ್ಲಿ ಭಾರತ ಮತ್ತು ಸೋವಿಯತ್ ಒಕ್ಕೂಟ ಕೂಡಿ ಅವನ ಮೇಲೆ ‘ಪರದೇಸಿ’ ಎಂಬ ಸಿನಿಮಾ ಮಾಡಿದವು. ಕೆ.ಎ. ಅಬ್ಬಾಸ್ ನಿರ್ದೇಶಕರಲ್ಲೊಬ್ಬರು, ನರ್ಗಿಸ್ ನಾಯಕಿ. ಸುಂದರ ಚಿತ್ರ, ಕಾನ್ ಉತ್ಸವಕ್ಕೂ ಹೋಯಿತು. ಆದರೆ ಎರಡು ದೇಶಗಳ ಗೆಳೆತನ ಮತ್ತು ಪ್ರೇಮಕಥೆಯ ಬೆಳಕಿನಲ್ಲಿ ಹಬ್ಬದ ದಿನ ಕಳಕೊಂಡವನ ಕತ್ತಲು ಹಿಂದೆ ಸರಿಯಿತು. ನಮ್ಮೂರಿನ ಚೌಬಾರಾ ಗೋಪುರ ದಾಟುವಾಗ ಎಷ್ಟೋ ಸಲ ಆ ಮನುಷ್ಯನ ನೆನಪಾಗುತ್ತದೆ.

ಈಗ ಆ ‘ಮೌನ’ದ ಮೂಲಕವೇ ಭಾಲ್ಕಿಗೆ ಮರಳುತ್ತೇನೆ. ಸ್ಕಾರ್ಸೆಸೆಯ ಚಿತ್ರದ ಕೊನೆಯಲ್ಲಿ, ಕಾದಂಬರಿಯಲ್ಲಿಲ್ಲದ ಒಂದು ದೃಶ್ಯವಿದೆ. ಧರ್ಮ ಬಿಟ್ಟು ದಶಕಗಳ ಕಾಲ ಬದುಕಿ ಸತ್ತ ಪಾದ್ರಿಯ ಹೆಣದ ಅಂಗೈಯಲ್ಲಿ ಒಂದು ಪುಟ್ಟ ಶಿಲುಬೆ ಇರುತ್ತದೆ. ಹೊರಗೆ ಒಂದು, ಒಳಗೆ ಒಂದು. ಇದನ್ನು ನೋಡಿ ಬೇರೆ ಊರಿನವರಿಗೆ ಏನು ನೆನಪಾಗುತ್ತದೋ, ನಮಗೆ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ನೆನಪಾಗದೆ ಇರುತ್ತಾರೆಯೇ? ಆಗ ಔರಾದ್ ತಾಲ್ಲೂಕಿನಲ್ಲಿದ್ದ ಕಮಲನಗರದಲ್ಲಿ ಹುಟ್ಟಿ, 1999ರಲ್ಲಿ ಲಿಂಗೈಕ್ಯರಾಗುವವರೆಗೆ ನೂರು ದಾಟಿ ಬದುಕಿದ ಆ ಹಿರಿಯರು ಕನ್ನಡ ಕಲಿಸಲು ಅಡ್ಡಿಯಿದ್ದ ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಈ ಸಭೆಯ ಪ್ರತಿಯೊಬ್ಬರಿಗೂ ಗೊತ್ತಿರುವ ಕಥೆ. ಬೀದರಿನ ರಂಗಮಂದಿರಕ್ಕೂ ಅವರದೇ ಹೆಸರು.

ಆ ಕಥೆಯನ್ನು ಆಡಿದ ರೂಪಕಗಳನ್ನು ನಾನು ನೋಡಿದ್ದೇನೆ. ಫಲಕ ತಂದು ನೇತುಹಾಕುತ್ತಾರೆ, ಒಳಗಿನಿಂದ ಮಕ್ಕಳು ‘ಅ ಆ ಇ ಈ’ ಅನ್ನುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ನಾನೂ ತಟ್ಟಿದ್ದೇನೆ. ಆದರೆ ಆ ಫಲಕದ ಮುಂದೆ ಹತ್ತು ನಿಮಿಷ ಸುಮ್ಮನೆ ನಿಲ್ಲುವ ನಾಟಕ ನನಗೆ ಬೇಕು. ಸತ್ಯವನ್ನೇ ವ್ರತವಾಗಿ ಹಿಡಿದ ಸ್ವಾಮಿಯೊಬ್ಬರು ದಿನಾ ಬೆಳಗ್ಗೆ ತಮ್ಮದಲ್ಲದ ಹೆಸರಿನ ಕೆಳಗೆ ಹಾಯ್ದು ಒಳಗೆ ಹೋಗುವಾಗ ಎದೆಯಲ್ಲಿ ಏನಿತ್ತು? ತಪಾಸಣೆಗೆ ಸಾಹೇಬರು ಬಂದಾಗ ಮಕ್ಕಳಿಗೆ ಏನು ಹೇಳಿಕೊಟ್ಟಿರಬೇಕು? ಪಾಟಿಯ ಮೇಲಿನ ಕನ್ನಡ ಅಕ್ಷರವನ್ನು ಅಂಗೈಯಿಂದ ಒರೆಸಿಕೊಂಡ ಹುಡುಗನ ಕೈ ಎಷ್ಟು ಹೊತ್ತು ಬೆಳ್ಳಗಿತ್ತು? ಇಂಥ ಪ್ರಶ್ನೆಗಳಿಂದ ಪಟ್ಟದ್ದೇವರು ಕಿರಿದಾಗುವುದಿಲ್ಲ. ನನ್ನ ಪಾಲಿಗೆ ಅವರು ಇನ್ನೂ ಹತ್ತಿರಕ್ಕೆ ಬರುತ್ತಾರೆ. ಅಂಥ ನಾಟಕ ಬರೆಯುವವರು ಬಂದರೆ ಅವರನ್ನು ತಕ್ಕಡಿ ಹಿಡಿದುಕೊಂಡು ಎದುರುಗೊಳ್ಳಬೇಡಿ ಎಂದು ಇಲ್ಲಿರುವ ಎಲ್ಲರಲ್ಲಿ, ಮಠದವರಲ್ಲಿ, ಪ್ರಾಧ್ಯಾಪಕರಲ್ಲಿ, ಪತ್ರಿಕೆಯವರಲ್ಲಿ ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಕೊನೆಗೆ ಔರಾದಿನ ಒಂದು ಮಾತು. ಕೆಲ ಕಾಲ ನಾನು ಅಲ್ಲಿ ಪದವಿ ತರಗತಿಗೆ ‘ತಲೆದಂಡ’ ಪಾಠ ಮಾಡಿದೆ. ಮಹಾರಾಷ್ಟ್ರದ ಗಡಿಗೆ ಹತ್ತಿದ ತಾಲ್ಲೂಕು, ಅರ್ಧ ತರಗತಿಯ ಮನೆಮಾತು ಮರಾಠಿ. ಕಾಲೇಜು ಬಿಟ್ಟರೆ ಕನ್ನಡ ಪುಸ್ತಕ ಕೈಗೆ ಸಿಗದ ಮಕ್ಕಳು. ಕೊನೆಯ ಅಂಕ ಮುಗಿಸಿದ ದಿನ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ಕೇಳಿದಳು, ‘ಸರ್, ಬಸವಣ್ಣನವರು ಊರು ಬಿಟ್ಟು ಹೊಂಟಾಗ ದಾರ್‍ಯಾಗ ಅವರಿಗೆ ಯಾರರೆ ನೀರು ಕೊಟ್ಟರೇನ್ರಿ?’ ಮೂವತ್ತು ವರ್ಷದ ವಿಮರ್ಶೆ ಓದಿದ್ದ ನನ್ನ ಬಳಿ ಉತ್ತರ ಇರಲಿಲ್ಲ. ನಾಟಕದಲ್ಲಿ ಅದಿಲ್ಲ, ನೀನೇ ಬರೆದು ತಾ ಅಂದೆ.

ಎರಡು ವಾರದ ಮೇಲೆ ಎರಡು ಪುಟ ಬರೆದು ತಂದಳು. ಕಾಗುಣಿತ ಅಲ್ಲಲ್ಲಿ ತಪ್ಪಿತ್ತು, ನಡುನಡುವೆ ಮರಾಠಿ ಮಾತು ನುಸುಳಿತ್ತು. ಊರಾಚೆ ಬಾವಿಯ ಬಳಿ ಒಬ್ಬಳು ಹೆಂಗಸು ನೀರು ಸೇದುತ್ತಿದ್ದಾಳೆ. ದಣಿದ ಒಬ್ಬ ಮನುಷ್ಯ ಬಂದು ಬೊಗಸೆ ಒಡ್ಡುತ್ತಾನೆ. ಅವಳು ನೀರು ಹೊಯ್ಯುತ್ತಾ ‘ಯಾರಪಾ ನೀ?’ ಅನ್ನುತ್ತಾಳೆ. ಅದರ ಕೆಳಗೆ ‘ನಾನು ಬಸವಣ್ಣ’ ಎಂದು ಬರೆದು, ಆ ಸಾಲಿನ ಮೇಲೆ ಎರಡು ಗೆರೆ ಎಳೆದಿದ್ದಳು. ಗೆರೆಯ ಕೆಳಗೆ ಬರೆದಿದ್ದು ಇಷ್ಟೇ: ಅವ ನೀರು ಕುಡಿದು ಹೋದ.